ಅಪ್ಪ ಅಮ್ಮನಿಗೆ ಒಂದೇ ಒಂದು ವಿದೇಶ ಪ್ರವಾಸ: ಯಾವ ಜಾಗ ತೋರಿಸಲಿ?

ಗಿರಿನಗರದ ಮಗಳು
ಎಲ್ಲರಿಗೂ ನಮಸ್ಕಾರ. ನಿಮ್ಮೆಲ್ಲರ ಸಲಹೆ ಬೇಕು. ಅಪ್ಪನಿಗೆ 67, ಅಮ್ಮನಿಗೆ 62. ಇಬ್ಬರೂ ದೇಶ ಬಿಟ್ಟು ಹೊರಗೆ ಹೋದವರಲ್ಲ. ಈಗ ಪಾಸ್‌ಪೋರ್ಟ್ ಮಾಡಿಸಿದ್ದಾಯ್ತು. ನಾನೂ ತಮ್ಮನೂ ಸೇರಿ ಅವರಿಗಾಗಿ ದುಡ್ಡು ಎತ್ತಿಟ್ಟಿದ್ದೇವೆ. ಆದರೆ ದೇಶ ದೇಶ ಸುತ್ತುವಷ್ಟಿಲ್ಲ. ಒಂದೇ ಜಾಗ, ಒಂದು ವಾರ. ಹುಟ್ಟಿದ ಮೇಲೆ ಒಮ್ಮೆ ನೋಡಲೇಬೇಕು ಅನ್ನುವಂಥ ಜಾಗ ಆಗಿರಬೇಕು.

ಅಪ್ಪ ಪೀಣ್ಯದಲ್ಲಿ ಫಿಟ್ಟರ್ ಆಗಿದ್ದವರು. ಐಫೆಲ್ ಟವರ್ ಅಂದರೆ ಅವರಿಗೆ ಮೊದಲಿಂದಲೂ ಪ್ರಾಣ. ಅಮ್ಮನನ್ನು ಕೇಳಿದರೆ "ನೀವು ಎಲ್ಲಿಗೆ ಅಂದರೆ ಅಲ್ಲಿಗೆ" ಅಂತಾರೆ, ಅಷ್ಟೇ. ಅವರು ಗಮಕ ಕಲಿತವರು. ಭಾರತ, ರಾಮಾಯಣದ ಕಥೆ ಎಲ್ಲಿ ನಿಲ್ಲಿಸಿದರೂ ಅಲ್ಲಿಂದ ಮುಂದಕ್ಕೆ ಹೇಳುತ್ತಾರೆ. ಮಂಡಿ ನೋವಿದೆ. ನಿಧಾನಕ್ಕೆ ನಡೆಯುತ್ತಾರೆ, ಮೆಟ್ಟಿಲು ಕಷ್ಟ. ಮೊಟ್ಟೆ ಕೂಡ ತಿನ್ನಲ್ಲ. ನೀವಾದರೆ ಎಲ್ಲಿಗೆ ಕರೆದುಕೊಂಡು ಹೋಗುತ್ತೀರಿ?

ಚಾರಣದ ಹುಚ್ಚು
ಮಾಚು ಪಿಚ್ಚು. ಬೇರೆ ಮಾತೇ ಇಲ್ಲ. 15ನೇ ಶತಮಾನದಲ್ಲಿ ಪೆರು ದೇಶದ ಬೆಟ್ಟದ ನೆತ್ತಿಯ ಮೇಲೆ ಇಂಕಾ ಜನ ಕಟ್ಟಿದ ಊರು. ಮೋಡ ಸರಿದು ಕೆಳಗಡೆ ನದಿ ಕಾಣಿಸಿದಾಗ ಮೈ ಜುಮ್ಮೆನ್ನುತ್ತೆ. ಜನ್ಮಕ್ಕೆ ಒಂದು ಸಲ ಅಂದರೆ ಅದು.

ವಿಜಯನಗರ ಡಾಕ್ಟ್ರಮ್ಮ
ಗುರು, ಪೋಸ್ಟ್ ಪೂರ್ತಿ ಓದಿದ್ರಾ? ಮಂಡಿ ನೋವು ಅಂತ ಬರೆದಿದ್ದಾರೆ. ಮಾಚು ಪಿಚ್ಚು ಪೂರ್ತಿ ಮೆಟ್ಟಿಲು, ಅದೂ ಎತ್ತರ ತಗ್ಗಿನ ಕಲ್ಲು ಮೆಟ್ಟಿಲು. ಅದಕ್ಕಿಂತ ದೊಡ್ಡ ವಿಷಯ ಎತ್ತರದ್ದು. ಮಾಚು ಪಿಚ್ಚು 2,430 ಮೀಟರ್, ಅದು ಪರವಾಗಿಲ್ಲ. ಆದರೆ ವಿಮಾನ ಇಳಿಯೋದು ಕುಸ್ಕೊದಲ್ಲಿ, ಅದು ಸುಮಾರು 3,400 ಮೀಟರ್. ನಮ್ಮ ಮುಳ್ಳಯ್ಯನಗಿರಿಯೇ 1,930 ಮೀಟರ್ ಅಲ್ವಾ? ಇಳಿದ ದಿನವೇ ತಲೆನೋವು, ವಾಂತಿ, ಉಸಿರು ಕಟ್ಟಿದ ಹಾಗೆ ಆಗೋದು ಸಾಮಾನ್ಯ. ಬಿಪಿ ಇರುವವರನ್ನು ಡಾಕ್ಟರ್ ಹತ್ತಿರ ಕೇಳದೆ ಅಲ್ಲಿಗೆ ಕರೆದುಕೊಂಡು ಹೋಗಲೇಬಾರದು.

ಚಾರಣದ ಹುಚ್ಚು
ಕುಸ್ಕೊದಲ್ಲಿ ಉಳಿಯಬೇಕು ಅಂತ ಏನಿಲ್ಲ ಡಾಕ್ಟ್ರೇ. ಇಳಿದ ತಕ್ಷಣ ಕೆಳಗಿನ ಕಣಿವೆಗೆ ಹೋಗಿ ಅಲ್ಲೇ ಎರಡು ರಾತ್ರಿ ಇದ್ದು, ಒಲ್ಲಾಂಟಾಯ್‌ಟಾಂಬೊದಿಂದ ರೈಲು ಹಿಡಿಯಬಹುದು. ತುಂಬಾ ಹಿರಿಯರು ಹಾಗೇ ಹೋಗಿ ಬರ್ತಾರೆ. ಆದರೂ ಬೆಂಗಳೂರಿಂದ ದೂರ ಜಾಸ್ತಿ, ಒಪ್ಪುತ್ತೇನೆ. ಒಂದು ವಾರದಲ್ಲಿ ಹೋಗೋಕೆ ಬರೋಕೆ ಮೂರು ನಾಲ್ಕು ದಿನ ವಿಮಾನದಲ್ಲೇ ಕಳೆಯುತ್ತೆ.

ನಾಲ್ಕನೇ ಬ್ಲಾಕ್
ಅಪ್ಪನಿಗೆ ಐಫೆಲ್ ಇಷ್ಟ ಅಂತ ನೀವೇ ಬರೆದಿದ್ದೀರಿ. ಮತ್ತೆ ಯಾಕೆ ಕೇಳ್ತೀರಿ? ಪ್ಯಾರಿಸ್‌ಗೆ ಕರೆದುಕೊಂಡು ಹೋಗಿ. ಬೆಂಗಳೂರಿಂದ ನೇರ ವಿಮಾನ ಇದೆ. ಟವರ್‌ಗೆ ಲಿಫ್ಟ್ ಇದೆ, ಮಂಡಿಗೆ ಕಷ್ಟವಿಲ್ಲ. ಎರಡನೇ ಅಂತಸ್ತಿನವರೆಗೆ ಮೆಟ್ಟಿಲಲ್ಲಿ ಹೋದರೆ 674 ಮೆಟ್ಟಿಲು, ಆದರೆ ಅದು ಬೇಕಾದವರಿಗೆ ಮಾತ್ರ.

ಒಂದೇ ಒಂದು ಮಾತು. ದಯವಿಟ್ಟು ಗ್ರೂಪ್ ಟೂರ್‌ನಲ್ಲಿ ಕಳಿಸಬೇಡಿ. ನಮ್ಮ ಮಾವ ಅತ್ತೆಯನ್ನು ಹಾಗೆ ಕಳಿಸಿದ್ದೆವು. ಅಷ್ಟು ದಿನದಲ್ಲಿ ಯುರೋಪ್ ಪೂರ್ತಿ ಅಂತ ಹೇಳಿ, ಐಫೆಲ್ ಟವರ್ ಎದುರು ಬಸ್ ನಿಲ್ಲಿಸಿ, ಫೋಟೋ ತೆಗೆದುಕೊಳ್ಳಿ ಅಂದು, ಮತ್ತೆ ಹತ್ತಿಸಿಕೊಂಡು ಹೊರಟುಬಿಟ್ಟರಂತೆ. ಮೇಲೆ ಹತ್ತುವ ಟಿಕೆಟ್ ಪ್ಯಾಕೇಜಿನಲ್ಲಿ ಇರಲೇ ಇಲ್ಲ. ಮಾವನಿಗೆ ಈಗಲೂ ಅದರ ಬೇಜಾರು ಹೋಗಿಲ್ಲ. ಲಿಫ್ಟ್ ಟಿಕೆಟ್ 60 ದಿನ ಮುಂಚೆ ಆನ್‌ಲೈನ್‌ನಲ್ಲಿ ಬಿಡುತ್ತಾರೆ. ಆ ದಿನವೇ ಕೂತು ತೆಗೆದುಬಿಡಿ. ತುದಿಯವರೆಗೆ ಹೋಗುವ ಟಿಕೆಟ್ ಬೇಗ ಮುಗಿಯುತ್ತೆ.

ಸುಮ್ನೆ ಓದುಗ
ತಾಜ್ ಮಹಲ್ ನೋಡಿದ್ದಾರಾ?

ಗಿರಿನಗರದ ಮಗಳು
ನೋಡಿದ್ದಾರೆ. ಹಂಪಿ, ಬೇಲೂರು, ಹಳೇಬೀಡು, ಬಾದಾಮಿ ಎಲ್ಲ ಆಗಿದೆ. ಬೇಲೂರಿನಲ್ಲಿ ಅಮ್ಮ ಒಂದೊಂದು ಶಿಲ್ಪದ ಮುಂದೆ ನಿಂತು ಕಥೆ ಹೇಳಿದ್ದು, ಗೈಡ್ ಪಕ್ಕದಲ್ಲಿ ನಿಂತು ಕೇಳಿಸಿಕೊಂಡಿದ್ದು ನನಗೆ ಚೆನ್ನಾಗಿ ನೆನಪಿದೆ.

ಹಾಸನದ ಹುಡುಗ
ಅಕ್ಕ, ಹಾಗಾದರೆ ನಿಮಗೆ ಉತ್ತರ ಸಿಕ್ಕಿಬಿಟ್ಟಿದೆ. ಅಂಕೋರ್ ವಾಟ್. ಕಾಂಬೋಡಿಯಾದ ಸಿಯಾಮ್ ರೀಪ್. ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ನಮ್ಮ ವಿಷ್ಣುವರ್ಧನ ಬೇಲೂರಿನ ದೇವಸ್ಥಾನ ಕಟ್ಟಿಸಿದ್ದು 1117ರಲ್ಲಿ. ಹೆಚ್ಚುಕಡಿಮೆ ಅದೇ ಕಾಲಕ್ಕೆ ಅಲ್ಲಿ ಎರಡನೇ ಸೂರ್ಯವರ್ಮ ರಾಜನಾಗಿದ್ದ. ಅವನು ಕಟ್ಟಿಸಿದ್ದೇ ಅಂಕೋರ್ ವಾಟ್. ಅದೂ ವಿಷ್ಣು ದೇವಸ್ಥಾನವೇ. ಆಮೇಲೆ ಬೌದ್ಧರದ್ದಾಯಿತು, ಈಗಲೂ ಅಲ್ಲಿ ಬುದ್ಧನಿಗೆ ಪೂಜೆ ನಡೆಯುತ್ತೆ. ಒಂದೇ ಕಾಲದಲ್ಲಿ, ಸಮುದ್ರದ ಆಚೆ ಈಚೆ, ಇಬ್ಬರು ರಾಜರು ಒಂದೇ ದೇವರಿಗೆ ಕಲ್ಲಲ್ಲಿ ಕಥೆ ಕೆತ್ತಿಸುತ್ತಾ ಕೂತಿದ್ದರು. ಬೇಲೂರು ನೋಡಿ ಬಂದವರಿಗೆ ಇದು ಎಷ್ಟು ಹತ್ತಿರ ಅನ್ನಿಸುತ್ತೆ ಅಂತ ಹೋದ ಮೇಲೇ ಗೊತ್ತಾಗೋದು.

ಸುತ್ತಲೂ ಇರುವ ಮೊಗಸಾಲೆಯ ಗೋಡೆ ತುಂಬಾ ಕಥೆಗಳಿವೆ. ಪಶ್ಚಿಮದ ಗೋಡೆಯ ಒಂದು ಕಡೆ ಕುರುಕ್ಷೇತ್ರ ಯುದ್ಧ, ಇನ್ನೊಂದು ಕಡೆ ಲಂಕೆಯ ಯುದ್ಧ. ಕುರುಕ್ಷೇತ್ರದಲ್ಲಿ ಬಾಣದ ಮೇಲೆ ಮಲಗಿದ ಭೀಷ್ಮ ಇದ್ದಾನೆ. ಪೂರ್ವದ ಗೋಡೆಯಲ್ಲಿ ಸಮುದ್ರ ಮಥನ, ಸುಮಾರು 49 ಮೀಟರ್ ಉದ್ದ. ಒಂದು ಕಡೆ 92 ಅಸುರರು, ಇನ್ನೊಂದು ಕಡೆ 88 ದೇವತೆಗಳು, ನಡುವೆ ವಿಷ್ಣು, ಕೆಳಗೆ ಕೂರ್ಮ. ವಾಸುಕಿಯ ಮೈ ಗೋಡೆಯುದ್ದಕ್ಕೂ ಎಳೆದಿದ್ದಾರೆ. ಅಸುರರ ಕಣ್ಣು ಗುಂಡಗೆ, ತುಟಿ ದಪ್ಪ. ದೇವತೆಗಳ ಮುಖ ಶಾಂತ. ಹತ್ತಿರ ಹೋಗಿ ನೋಡಿದರೆ ಕೆಲವು ಕಡೆ ಕಲ್ಲು ಕಪ್ಪಗೆ ಹೊಳೆಯುತ್ತೆ. ಜನ ನೂರಾರು ವರ್ಷ ಮುಟ್ಟಿ ಮುಟ್ಟಿ ಹಾಗಾಗಿದೆ ಅಂತಾರೆ. ಈಗ ಮುಟ್ಟೋಕೆ ಬಿಡಲ್ಲ.

ನಿಮ್ಮ ಅಮ್ಮ ಅಲ್ಲಿ ಪ್ರವಾಸಿ ಆಗಿರಲ್ಲ. ಗೋಡೆ ಓದುತ್ತಾ ಹೋಗುತ್ತಾರೆ. ಐಫೆಲ್ ಟವರ್ ಕೆಳಗೆ ನಿಂತರೆ ಅವರಿಗೆ ಹೇಳೋಕೆ ಏನಿದೆ?

ಕಬ್ಬಿಣದ ಕೆಲಸ
ಕೊನೆಯ ಮಾತು ಒಪ್ಪಲ್ಲ ಸ್ವಾಮಿ. ಅಮ್ಮನಿಗೆ ಗೋಡೆ ಇದ್ದ ಹಾಗೆ ಅಪ್ಪನಿಗೆ ಟವರ್. ಫಿಟ್ಟರ್ ಕಣ್ಣಲ್ಲಿ ಅದನ್ನು ಒಮ್ಮೆ ನೋಡಿ. 18,000ಕ್ಕೂ ಜಾಸ್ತಿ ಕಬ್ಬಿಣದ ಭಾಗ, 25 ಲಕ್ಷ ರಿವೆಟ್. ಒಂದೊಂದು ಭಾಗವನ್ನೂ ಮೊದಲೇ ಅಳೆದು, ತೂತು ಹಾಕಿ, ತಂದು ಜೋಡಿಸಿದ್ದು. 1889ರಲ್ಲಿ! ಕಂಪ್ಯೂಟರ್ ಇಲ್ಲ, ಕ್ಯಾಲ್ಕುಲೇಟರ್ ಇಲ್ಲ. ಇಪ್ಪತ್ತು ವರ್ಷ ಆದ ಮೇಲೆ ಬಿಚ್ಚಬೇಕು ಅಂತಲೇ ಅನುಮತಿ ಕೊಟ್ಟಿದ್ದರು. ರೇಡಿಯೋ ಸಂಪರ್ಕಕ್ಕೆ ಬೇಕಾಯಿತು ಅಂತ ಉಳಿಯಿತು. ಈಗ ಆಂಟೆನಾ ಸೇರಿ 330 ಮೀಟರ್. ಬೇಸಿಗೆಯಲ್ಲಿ ಕಬ್ಬಿಣ ಹಿಗ್ಗಿ ಕೆಲವು ಇಂಚು ಎತ್ತರ ಜಾಸ್ತಿ ಆಗುತ್ತೆ. ಪ್ರತಿ ಏಳು ವರ್ಷಕ್ಕೊಮ್ಮೆ ಸುಮಾರು 60 ಟನ್ ಬಣ್ಣ ಬಳಿಯುತ್ತಾರೆ, ಇಲ್ಲದಿದ್ದರೆ ತುಕ್ಕು ತಿಂದುಬಿಡುತ್ತೆ. ಜೀವಮಾನ ಪೂರ್ತಿ ಕಬ್ಬಿಣದ ಜೊತೆ ಕೆಲಸ ಮಾಡಿದವರಿಗೆ ಅದು ಗುಡಿಯೇ.

ಅಂದಹಾಗೆ ನಮ್ಮ ಲಾಲ್‌ಬಾಗ್ ಗಾಜಿನ ಮನೆಗೆ ಅಡಿಗಲ್ಲು ಹಾಕಿದ್ದೂ ಅದೇ 1889ರಲ್ಲಿ. ಫಲಪುಷ್ಪ ಪ್ರದರ್ಶನದಲ್ಲಿ ಹೂವು ನೋಡಿ ಬರುತ್ತೀವಿ, ಮೇಲಿನ ಕಬ್ಬಿಣದ ಕಮಾನು ಯಾರೂ ನೋಡಲ್ಲ. ಅಪ್ಪನ ಜೊತೆ ಹೋಗಿ ನೋಡಿ.

ನಾಲ್ಕನೇ ಬ್ಲಾಕ್
ಅದೇ ನಾನೂ ಹೇಳಿದ್ದು. ಅಪ್ಪ ಬಾಯಿಬಿಟ್ಟು ಕೇಳಿದ್ದಾರೆ.

ಮಲ್ಲೇಶ್ವರದ ಸೊಸೆ
ಅಮ್ಮಂದಿರು ಬಾಯಿಬಿಟ್ಟು ಕೇಳಲ್ಲ. ಅದಕ್ಕೇ ಮಕ್ಕಳು ಅವರ ಬಗ್ಗೆ ಜಾಸ್ತಿ ಯೋಚಿಸಬೇಕು.

ತಿಂಡಿಪ್ರಿಯ
ಊಟದ ವಿಷಯ ಯಾರೂ ಮಾತಾಡಲೇ ಇಲ್ಲ! ಮೊಟ್ಟೆಯೂ ತಿನ್ನದವರಿಗೆ ಅದೇ ಮೊದಲ ಪ್ರಶ್ನೆ. ಕಾಂಬೋಡಿಯಾದಲ್ಲಿ ತರಕಾರಿ ಅಂತ ಕೊಟ್ಟರೂ ಮೀನಿನ ಸಾಸ್, ಇಲ್ಲವೇ ಪ್ರಹೊಕ್ ಅನ್ನುವ ಹುಳಿ ಬರಿಸಿದ ಮೀನಿನ ಪೇಸ್ಟ್ ಬಿದ್ದಿರುತ್ತೆ. ಕೇಳಿ ಕೇಳಿ ತಿನ್ನಬೇಕು. ಸಿಯಾಮ್ ರೀಪ್‌ನಲ್ಲಿ ಭಾರತೀಯ ಹೋಟೆಲುಗಳಿವೆ, ಅದೊಂದು ಸಮಾಧಾನ. ಪ್ಯಾರಿಸ್‌ನಲ್ಲಿ ಗಾರ್ ದು ನೋರ್ ಸ್ಟೇಷನ್ ಹತ್ತಿರ ತಮಿಳರ ಬೀದಿ ಇದೆ, ದೋಸೆ ಇಡ್ಲಿ ಸಿಗುತ್ತೆ.

ಆದರೆ ಸಸ್ಯಾಹಾರಿಗಳಿಗೆ ನಿಜವಾಗಿ ಸುಲಭ ಅಂದರೆ ಈಜಿಪ್ಟ್. ಅಲ್ಲಿ ಕೊಶರಿ ಅಂತ ಬೀದಿ ಬೀದಿಯಲ್ಲಿ ಮಾರುತ್ತಾರೆ. ಅನ್ನ, ಬೇಳೆ, ಮ್ಯಾಕರೋನಿ, ಕಡಲೆಕಾಳು, ಮೇಲೆ ಟೊಮೆಟೊ ಸಾರು, ಕರಿದ ಈರುಳ್ಳಿ. ಖಾರ ಬೇಕಾದರೆ ಬೇರೆ ಕೊಡುತ್ತಾರೆ. ಬೆಳಗ್ಗೆಗೆ ಅವರೇಕಾಳಿನ ಜಾತಿಯ ಕಾಳು ಬೇಯಿಸಿದ ಫೂಲ್. ಅಪ್ಪಟ ಊಟ.

ಎಲ್ಲಿಗೆ ಹೋದರೂ ಚಟ್ನಿಪುಡಿ, ಅವಲಕ್ಕಿ, ಒಂದು ಸಣ್ಣ ಎಲೆಕ್ಟ್ರಿಕ್ ಕೆಟಲ್ ಇರಲಿ.

ಹನುಮಂತನಗರ
ಈಜಿಪ್ಟ್ ಅಂದಮೇಲೆ ಪಿರಮಿಡ್ ಬಿಟ್ಟು ಬೇರೆ ಯಾಕೆ ಯೋಚನೆ? ಹಳೆಯ ಕಾಲದ ಏಳು ಅದ್ಭುತಗಳಲ್ಲಿ ಇವತ್ತಿಗೂ ನಿಂತಿರೋದು ಗಿಜಾದ ದೊಡ್ಡ ಪಿರಮಿಡ್ ಒಂದೇ. 4,500 ವರ್ಷ. ಸುಮಾರು 23 ಲಕ್ಷ ಕಲ್ಲು. ಕಟ್ಟಿದಾಗ 146 ಮೀಟರ್ ಇತ್ತು, ಈಗ 138ರ ಹತ್ತಿರ. ಅಪ್ಪನಿಗೂ ಇಷ್ಟ ಆಗುತ್ತೆ, ಅಮ್ಮ ಹೆಚ್ಚು ನಡೆಯಬೇಕಿಲ್ಲ, ಪಕ್ಕದವರೆಗೂ ಗಾಡಿ ಹೋಗುತ್ತೆ. ಒಳಗೆ ಮಾತ್ರ ಕಳಿಸಬೇಡಿ. ಇಕ್ಕಟ್ಟಾದ ದಾರಿಯಲ್ಲಿ ಬೆನ್ನು ಬಗ್ಗಿಸಿ ಹತ್ತಬೇಕು, ಸೆಕೆ ವಿಪರೀತ. ಕೊನೆಗೆ ಸಿಗೋದು ಗ್ರಾನೈಟ್ ಕೋಣೆ, ಖಾಲಿ ಕಲ್ಲಿನ ಪೆಟ್ಟಿಗೆ. ಗೋಡೆ ಮೇಲೆ ಒಂದು ಚಿತ್ರವೂ ಇಲ್ಲ. ಆದರೆ ಆ ಗ್ರಾನೈಟ್ ಬಂದಿದ್ದು ಸುಮಾರು 800 ಕಿಲೋಮೀಟರ್ ದೂರದ ಅಸ್ವಾನ್‌ನಿಂದ, ನೈಲ್ ನದಿ ಮೇಲೆ.

ಪಕ್ಕದಲ್ಲೇ ಹೊಸ ಮ್ಯೂಸಿಯಂ ಇದೆ, 2025ರ ನವೆಂಬರ್‌ನಲ್ಲಿ ಅಧಿಕೃತವಾಗಿ ತೆರೆದರು. ಹಳೆಯ ಈಜಿಪ್ಟಿನ ರಾಜ ತುತಾಂಖಾಮನ್ ಗೋರಿಯಲ್ಲಿ ಸಿಕ್ಕ ಎಲ್ಲ ವಸ್ತುಗಳೂ ಒಂದೇ ಕಡೆ, 5,000ಕ್ಕೂ ಹೆಚ್ಚು. ಒಂಟೆ ಸವಾರಿಯವರು, ಗೈಡ್ ಅಂತ ಹೇಳಿಕೊಂಡು ಬರುವವರು ತುಂಬಾ ಕಾಡುತ್ತಾರೆ. "ಬೇಡ" ಅಂದು ಮುಂದೆ ನಡೆಯುತ್ತಿರಬೇಕು, ನಿಲ್ಲಬಾರದು.

ರಾಜಾಜಿನಗರ 2ನೇ ಬ್ಲಾಕ್
ಚೀನಾದ ಮಹಾಗೋಡೆ ಬಿಟ್ಟುಬಿಟ್ಟಿರಲ್ಲ. ಚಂದ್ರನಿಂದಲೂ ಕಾಣುವ ಒಂದೇ ಕಟ್ಟಡ!

ಸುಮ್ನೆ ಓದುಗ
ಕಾಣಲ್ಲ ಸರ್. ಉದ್ದ ಎಷ್ಟಿದ್ದರೇನು, ಅಗಲ ಕೆಲವೇ ಮೀಟರ್. ಬಣ್ಣವೂ ಸುತ್ತಲಿನ ಮಣ್ಣಿನದ್ದೇ. ಚಂದ್ರನ ಮೇಲೆ ಇಳಿದವರೇ ಕಾಣಿಸಲಿಲ್ಲ ಅಂತ ಹೇಳಿದ್ದಾರೆ.

ರಾಜಾಜಿನಗರ 2ನೇ ಬ್ಲಾಕ್
ಸರಿ, ಚಂದ್ರ ಬಿಡಿ. ಎಲ್ಲ ಕಾಲದ ಗೋಡೆ ಸೇರಿಸಿದರೆ 21,196 ಕಿಲೋಮೀಟರ್ ಅಂತ ಚೀನಾದವರೇ ಅಳೆದಿದ್ದಾರೆ. ಬೀಜಿಂಗ್ ಹತ್ತಿರ ಮುಟಿಯಾನ್ಯು ಅನ್ನುವ ಕಡೆ ಕೇಬಲ್ ಕಾರ್ ಇದೆ. ಮೇಲೆ ಹೋಗಿ ಗೋಡೆ ಮೇಲೆ ಕೂತು ನೋಡಬಹುದು, ಮಂಡಿಗೆ ತ್ರಾಸ ಕಡಿಮೆ.

ವಿಜಯಪುರದವ
ಎಲ್ಲಾ ಓದಿದೆ. ನನ್ನ ಪ್ರಶ್ನೆ ಬೇರೆ. ಅವರು ಗೋಳಗುಮ್ಮಟ ನೋಡಿದ್ದಾರಾ? ಹೊಸ ದೇಶಕ್ಕೆ ಹೋಗುವ ಮೊದಲು ನಮ್ಮದು ಮುಗಿಸಬೇಕು ಅನ್ನುವವನು ನಾನು. ರೋಮ್‌ನ ಪ್ಯಾಂಥಿಯನ್ ಅನ್ನುವ ಹಳೆಯ ಗುಡಿ ನೋಡೋಕೆ ಲೋಕವೇ ಹೋಗುತ್ತೆ. ಗುಮ್ಮಟದ ಅಗಲ 43 ಮೀಟರ್. 1656ರಲ್ಲಿ ಮುಗಿದ ನಮ್ಮ ಗೋಳಗುಮ್ಮಟದ ಒಳಗಿನ ಅಗಲ ಸುಮಾರು 38 ಮೀಟರ್, ನಡುವೆ ಒಂದೂ ಕಂಬ ಇಲ್ಲ. ಪಿಸುಮಾತಿನ ಮೊಗಸಾಲೆಯಲ್ಲಿ ಈ ಕಡೆ ನಿಂತು ಮೆಲ್ಲಗೆ ಹೇಳಿದ್ದು ಆ ಕಡೆ ಕೇಳಿಸುತ್ತೆ. ಬೆಂಗಳೂರಿನವರು ದುಬೈಗೆ ಹೋಗುತ್ತಾರೆ, ವಿಜಯಪುರಕ್ಕೆ ಬರಲ್ಲ. ನಮಗೆ ಇದು ನಿಜವಾಗಿಯೂ ನೋವಿನ ವಿಷಯ.

ಕಬ್ಬಿಣದ ಕೆಲಸ
ನಿಮ್ಮ ನೋವು ಅರ್ಥ ಆಗುತ್ತೆ ಅಣ್ಣ. ಆದರೆ ಪ್ಯಾಂಥಿಯನ್ ಜೊತೆ ಹೋಲಿಸಿ ಅದನ್ನು ಕೆಳಗಿಡಬೇಡಿ. ಅದು ಗೋಳಗುಮ್ಮಟಕ್ಕಿಂತ 1,500 ವರ್ಷ ಹಳೆಯದು. ಕಂಬಿ ಹಾಕದ ಕಾಂಕ್ರೀಟ್ ಗುಮ್ಮಟ ಅಷ್ಟು ದೊಡ್ಡದು ಇವತ್ತಿಗೂ ಇನ್ನೊಂದಿಲ್ಲ. ನೆತ್ತಿಯಲ್ಲಿ ತೆರೆದ ಕಿಂಡಿ, ಮಳೆ ಬಂದರೆ ಒಳಗೇ ಬೀಳುತ್ತೆ, ನೆಲದಲ್ಲಿ ನೀರು ಹೋಗೋಕೆ ತೂತುಗಳಿವೆ. ಎರಡನ್ನೂ ನೋಡಿದವನಿಗೆ ಎರಡರ ಮೇಲೂ ಗೌರವ ಜಾಸ್ತಿ ಆಗುತ್ತೆ.

ಸಾಗರದ ಕಡೆಯವಳು
ಇದೇ ಮಾತು ಜೋಗಕ್ಕೂ. ನಯಾಗರ ನಯಾಗರ ಅಂತ ಕುಣಿಯುತ್ತಾರೆ ಮಾರಾಯ್ರೆ. ಅದರ ಎತ್ತರ 57 ಮೀಟರ್. ಜೋಗ 253 ಮೀಟರ್!

ಅಮೆರಿಕದಲ್ಲಿರುವ ಕನ್ನಡಿಗ
ಎತ್ತರ ಒಂದೇ ಲೆಕ್ಕ ಅಲ್ಲ ಮೇಡಂ. ನಯಾಗರದಲ್ಲಿ ವರ್ಷ ಪೂರ್ತಿ ನೀರು ಇರುತ್ತೆ. ಜೋಗದಲ್ಲಿ ಮಳೆಗಾಲ ಮುಗಿದರೆ ಬರೀ ಬಂಡೆ.

ಸಾಗರದ ಕಡೆಯವಳು
ಬಂಡೆ ಆಗಿದ್ದು ಯಾಕೆ? 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಯಿತು. ಆ ಕರೆಂಟ್ ಉರಿದಿದ್ದು ಬೆಂಗಳೂರಿನಲ್ಲೇ. ಶರಾವತಿ ಮುಳುಗಡೆಯಲ್ಲಿ ಊರು ಬಿಟ್ಟು ಎದ್ದು ಬಂದವರ ಮನೆಯವಳು ನಾನು. ಇದನ್ನು ಹೇಳದೆ ಜೋಗದಲ್ಲಿ ನೀರಿಲ್ಲ ಅಂದರೆ ಸಿಟ್ಟು ಬರುತ್ತೆ.

ನಯಾಗರದ ನೀರನ್ನೂ ಕರೆಂಟಿಗೆ ತಿರುಗಿಸುತ್ತಾರೆ. 1950ರಲ್ಲಿ ಅಮೆರಿಕ, ಕೆನಡಾ ಒಪ್ಪಂದ ಮಾಡಿಕೊಂಡವು. ಪ್ರವಾಸಿಗರು ಬರುವ ತಿಂಗಳುಗಳಲ್ಲಿ ಹಗಲು ಹೊತ್ತು ಸೆಕೆಂಡಿಗೆ ಒಂದು ಲಕ್ಷ ಘನ ಅಡಿ ನೀರು ಬೀಳಲೇಬೇಕು. ರಾತ್ರಿ, ಚಳಿಗಾಲದಲ್ಲಿ ಅದರ ಅರ್ಧ ಸಾಕು. ಅಂದರೆ ನೋಡುವವರಿಗಾಗಿ ನೀರು ಉಳಿಸಬೇಕು ಅಂತ ಕಾನೂನೇ ಮಾಡಿಕೊಂಡಿದ್ದಾರೆ. ಜೋಗಕ್ಕೂ ಹೀಗೊಂದು ನಿಯಮ ಯಾಕೆ ಆಗಬಾರದು?

ಅಮೆರಿಕದಲ್ಲಿರುವ ಕನ್ನಡಿಗ
ಇದು ನ್ಯಾಯವಾದ ಪ್ರಶ್ನೆ. ಬೇರೆ ಚರ್ಚೆ ಶುರು ಮಾಡಿ, ನಾನೂ ಬರುತ್ತೇನೆ.

ಗವೀಪುರದ ಮೊಮ್ಮಗ
ಈಜಿಪ್ಟ್ ಪಕ್ಷದವರಿಗೆ ಇನ್ನೊಂದು ಮಾತು. ಅಲ್ಲಿ ಬೆಟ್ಟ ಕೊರೆದು ಮಾಡಿದ ಅಬು ಸಿಂಬೆಲ್ ಗುಡಿ ಬಗ್ಗೆ ಯಾರೂ ಹೇಳಲಿಲ್ಲ. ವರ್ಷಕ್ಕೆ ಎರಡು ದಿನ, ಫೆಬ್ರವರಿ 22 ಮತ್ತು ಅಕ್ಟೋಬರ್ 22, ಬೆಳಗಿನ ಬಿಸಿಲು ಗುಹೆಯ ಕೊನೆಯವರೆಗೂ ಹೋಗಿ ಮೂರ್ತಿಗಳ ಮೇಲೆ ಬೀಳುತ್ತೆ. ನಾಲ್ಕು ಮೂರ್ತಿ ಇವೆ, ಅದರಲ್ಲಿ ಪಾತಾಳದ ಜೊತೆ ನಂಟಿರುವ ಪ್ತಾಹ್ ದೇವರು ಮಾತ್ರ ಕತ್ತಲಲ್ಲೇ ಉಳಿಯುತ್ತಾನೆ. ಸಂಕ್ರಾಂತಿ ಸಂಜೆ ನಮ್ಮ ಗವಿ ಗಂಗಾಧರೇಶ್ವರನಲ್ಲಿ ನಂದಿಯ ಕೊಂಬಿನ ನಡುವೆ ಬಿಸಿಲು ಬಂದು ಲಿಂಗದ ಮೇಲೆ ಬೀಳೋದನ್ನು ಚಿಕ್ಕಂದಿನಿಂದ ನೋಡಿದವನು ನಾನು. ಹಾಗಾಗಿ ಅಬು ಸಿಂಬೆಲ್ ನನಗೆ ಪಿರಮಿಡ್‌ಗಿಂತ ಹೆಚ್ಚು.

ಇನ್ನೂ ದೊಡ್ಡ ವಿಷಯ ಅಂದರೆ ಆ ಗುಡಿ ಈಗ ಇರೋದು ಮೊದಲಿದ್ದ ಜಾಗದಲ್ಲಲ್ಲ. ಅಸ್ವಾನ್ ಅಣೆಕಟ್ಟೆಯ ನೀರಲ್ಲಿ ಮುಳುಗುತ್ತೆ ಅಂತ 1964ರಿಂದ 1968ರವರೆಗೆ ಪೂರ್ತಿ ಗುಡಿಯನ್ನೇ ತುಂಡು ತುಂಡಾಗಿ ಕೊಯ್ದು, ಸುಮಾರು 65 ಮೀಟರ್ ಮೇಲಕ್ಕೆ ತಂದು ಮತ್ತೆ ಜೋಡಿಸಿದರು. ಬಿಸಿಲು ಈಗಲೂ ಒಳಗೆ ಬೀಳುತ್ತೆ.

ಸಾಗರದ ಕಡೆಯವಳು
ಕಲ್ಲಿನ ದೇವರನ್ನು ಎತ್ತಿ ಮೇಲಿಟ್ಟರು. ನಮ್ಮ ಊರುಗಳನ್ನು ಎತ್ತೋಕೆ ಯಾರೂ ಬರಲಿಲ್ಲ.

ಫ್ರೇಜರ್ ಟೌನ್
ಪೆಟ್ರಾ ಅಂತ ಒಬ್ಬರೂ ಹೇಳಲಿಲ್ಲ, ಆಶ್ಚರ್ಯ. ಜೋರ್ಡಾನ್ ದೇಶದಲ್ಲಿ ಬಂಡೆ ಕೊರೆದು ಮಾಡಿದ ಹಳೆಯ ಊರು. ಎರಡು ಬಂಡೆ ಗೋಡೆಗಳ ನಡುವೆ 1.2 ಕಿಲೋಮೀಟರ್ ಇಕ್ಕಟ್ಟಾದ ಓಣಿ. ಓಣಿಯ ಪಕ್ಕದಲ್ಲೇ ಕಲ್ಲು ಕೊರೆದು ನೀರಿನ ಕಾಲುವೆ ಮಾಡಿದ್ದಾರೆ, ಎರಡು ಸಾವಿರ ವರ್ಷದ ಹಿಂದೆ. ಓಣಿ ಮುಗಿಯೋ ಕಡೆ ಗುಲಾಬಿ ಬಣ್ಣದ ಬಂಡೆಯಲ್ಲಿ ಕೆತ್ತಿದ ಮುಂಭಾಗ ಎದುರಿಗೇ ಬರುತ್ತೆ. ಅಲ್ಲಿವರೆಗೆ ಬ್ಯಾಟರಿ ಗಾಡಿ ಇದೆ, ಅಮ್ಮ ಕೂತೇ ಹೋಗಬಹುದು. ಜೋರ್ಡಾನ್ ಪಾಸ್ ಅನ್ನುವ ಪ್ರವಾಸಿ ಟಿಕೆಟ್ ತೆಗೆದುಕೊಂಡು ಮೂರು ರಾತ್ರಿ ಇದ್ದರೆ ವೀಸಾ ಶುಲ್ಕ ಬೇರೆ ಕಟ್ಟಬೇಕಿಲ್ಲ.

ಹಾಸನದ ಹುಡುಗ
ಇಷ್ಟೆಲ್ಲ ಮಾತಿನ ನಡುವೆ ಇನ್ನೊಂದು ಹೇಳಿಬಿಡುತ್ತೇನೆ. ಬ್ರೆಜಿಲ್‌ನ ರಿಯೋದಲ್ಲಿ ಕ್ರಿಸ್ತನ ಮೂರ್ತಿ ಇದೆಯಲ್ಲ, 1931ರದ್ದು, 30 ಮೀಟರ್ ಎತ್ತರ. ಒಳಗಡೆ ಕಾಂಕ್ರೀಟ್, ಮೈಮೇಲೆ ಹೊದಿಸಿರೋದು ಬಳಪದ ಕಲ್ಲಿನ ಸಣ್ಣ ಸಣ್ಣ ತ್ರಿಕೋನ ಬಿಲ್ಲೆಗಳು. ಬೇಲೂರಿನಲ್ಲಿ ಮದನಿಕೆಯರನ್ನು ಕಡೆದಿದ್ದೂ ಬಳಪದ ಕಲ್ಲಿನಲ್ಲೇ. ಅಲ್ಲಿಗೆ ಹೋಗಲಿ ಅಂತಲ್ಲ. ಹಾಸನದವನಿಗೆ ಇದನ್ನು ಹೇಳದೆ ಇರೋಕಾಗಲ್ಲ.

ಗಿರಿನಗರದ ಮಗಳು
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ಪ್ರೀತಿಯಿಂದ ಬರೆಯುತ್ತೀರಿ ಅಂತ ಅಂದುಕೊಂಡಿರಲಿಲ್ಲ. ಅಮ್ಮನಿಗೆ ಸಮುದ್ರ ಮಥನದ ಫೋಟೋ ತೋರಿಸಿದೆ. ಕನ್ನಡಕ ಹಾಕಿಕೊಂಡು ಫೋನ್ ಹತ್ತಿರ ಹಿಡಿದು, "ಇಲ್ಲಿ ವಾಸುಕಿಯ ಬಾಲದ ಕಡೆ ಕೋತಿ ಇದೆಯಲ್ಲ, ಹನುಮಂತ ಈ ಕಥೆಯಲ್ಲಿ ಎಲ್ಲಿಂದ ಬಂದ?" ಅಂದರು. ಆಮೇಲೆ ಒಂದು ಗಂಟೆ ಫೋನ್ ವಾಪಸ್ ಕೊಡಲಿಲ್ಲ.

ಆದರೆ ಹಾಸನದವರೇ, ಅಂಕೋರ್‌ನಲ್ಲಿ ಕಡಿದಾದ ಮೆಟ್ಟಿಲು ಇದೆ ಅಂತ ಕೇಳಿದ್ದೇನೆ. ಅಮ್ಮನ ಕೈಲಿ ಆಗುತ್ತಾ?

ಹಾಸನದ ಹುಡುಗ
ಅಕ್ಕ, ಕಡಿದಾದ ಮೆಟ್ಟಿಲು ಇರೋದು ನಡುವಿನ ಗೋಪುರಕ್ಕೆ, ಅದನ್ನು ಬಾಕನ್ ಅಂತಾರೆ. ಅಮ್ಮ ಅಲ್ಲಿಗೆ ಹತ್ತೋದು ಬೇಡ. ಕಥೆಯ ಗೋಡೆಗಳೆಲ್ಲ ಕೆಳಗಿನ ಅಂತಸ್ತಿನಲ್ಲೇ ಇವೆ, ಕೆಲವೇ ಮೆಟ್ಟಿಲು ಹತ್ತಿದರೆ ಸಾಕು. ಮೇಲೆ ಸೂರು ಇದೆ, ನೆರಳಲ್ಲಿ ನಡೆಯಬಹುದು.

ಎಲ್ಲರೂ ಪಶ್ಚಿಮದ ಬಾಗಿಲಿಂದ ಬರುತ್ತಾರೆ. ಕಂದಕ 190 ಮೀಟರ್ ಅಗಲ, ಅದನ್ನು ದಾಟಿ ಮತ್ತೆ ಉದ್ದದ ಕಲ್ಲು ದಾರಿ. ಬಿಸಿಲಲ್ಲಿ ಮಂಡಿ ನೋವಿನವರಿಗೆ ಅದೇ ಸಾಕಾಗಿಬಿಡುತ್ತೆ. ಆಟೋದವರಿಗೆ ಪೂರ್ವದ ಬಾಗಿಲಿಗೆ ಬಿಡಿ ಅಂತ ಹೇಳಿ. ಮರದ ನೆರಳಿನ ಮಣ್ಣು ದಾರಿ, ಜನ ಕಡಿಮೆ. ನೇರ ಸಮುದ್ರ ಮಥನದ ಗೋಡೆ ಹತ್ತಿರವೇ ಬರುತ್ತೀರಿ. ಹೋಗೋದಾದರೆ ನವೆಂಬರ್‌ನಿಂದ ಫೆಬ್ರವರಿ ಒಳಗೆ. ಏಪ್ರಿಲ್ ಬೇಡವೇ ಬೇಡ, ಸುಡುತ್ತೆ.

ವಿಜಯನಗರ ಡಾಕ್ಟ್ರಮ್ಮ
ಮಂಡಿಗೆ ಬೆಲ್ಟ್, ಮಡಚುವ ಕೋಲು, ಮಡಚುವ ಸಣ್ಣ ಸ್ಟೂಲ್ ಇಟ್ಟುಕೊಳ್ಳಿ. ಬಿಪಿ, ಶುಗರ್ ಮಾತ್ರೆ ಕೈಚೀಲದಲ್ಲೇ ಇರಲಿ, ಚೆಕ್-ಇನ್ ಬ್ಯಾಗಿನಲ್ಲಿ ಬೇಡ. ಡಾಕ್ಟರ್ ಚೀಟಿಯೂ ಜೊತೆಗಿರಲಿ.

ನಾಲ್ಕನೇ ಬ್ಲಾಕ್
ಒಂದು ಎಚ್ಚರಿಕೆ. 2025ರಲ್ಲಿ ಥಾಯ್ಲೆಂಡ್ ಮತ್ತು ಕಾಂಬೋಡಿಯಾ ಗಡಿಯಲ್ಲಿ ಕಾಳಗ ನಡೆದಿದೆ. ಬ್ಯಾಂಕಾಕ್‌ನಿಂದ ಬಸ್ಸಲ್ಲಿ ಹೋಗುವ ಯೋಚನೆ ಬೇಡ, ವಿಮಾನದಲ್ಲೇ ಹೋಗಿ. ಟಿಕೆಟ್ ತೆಗೆಯುವ ಮೊದಲು ನಮ್ಮ ವಿದೇಶಾಂಗ ಸಚಿವಾಲಯದ ಸೂಚನೆ ನೋಡಿ. ಮತ್ತೆ, ಅಪ್ಪನ ಐಫೆಲ್ ಏನಾಯ್ತು? ನನಗೆ ಅವರ ಬಗ್ಗೆಯೇ ಯೋಚನೆ.

ಕಬ್ಬಿಣದ ಕೆಲಸ
ನನಗೂ ಅದೇ. ಆದರೆ ಫಿಟ್ಟರ್‌ಗೆ ಅಂಕೋರ್‌ನಲ್ಲೂ ಕೆಲಸ ಇದೆ. ಆ ಮರಳುಗಲ್ಲನ್ನು ತಂದಿದ್ದು ಕುಲೆನ್ ಬೆಟ್ಟದಿಂದ, ಸುಮಾರು 40 ಕಿಲೋಮೀಟರ್. ಗಾರೆ ಇಲ್ಲದೆ ಜೋಡಿಸಿದ್ದಾರೆ. ಒಂದರ ಮೇಲೊಂದು ಉಜ್ಜಿ ಉಜ್ಜಿ ಮುಖ ಕೂರಿಸಿದ್ದು ಅಂತಾರೆ, ಕೆಲವು ಕಡೆ ಸಂದಿಗೆ ಬ್ಲೇಡ್ ಹೋಗಲ್ಲ. ಬಹಳ ಕಲ್ಲುಗಳಲ್ಲಿ ಬೆರಳು ತೂರುವಷ್ಟು ದುಂಡನೆ ತೂತುಗಳು ಕಾಣುತ್ತವೆ. ಎತ್ತೋಕೆ ಮಾಡಿದ್ದು ಇರಬೇಕು. ಆ ತೂತುಗಳ ಫೋಟೋ ಅಪ್ಪನಿಗೆ ತೋರಿಸಿ, ಏನಂತಾರೆ ನೋಡಿ. ಅದರಾಚೆಗೆ ತಾ ಪ್ರೋಮ್ ಇದೆ. ಮರದ ಬೇರು ಗೋಡೆ ಹಿಡಿದು ನಿಂತಿರುವ ಗುಡಿ. ಅದನ್ನು ಸರಿಪಡಿಸುವ ಕೆಲಸದಲ್ಲಿ ನಮ್ಮ ಭಾರತದ ಪುರಾತತ್ವ ಇಲಾಖೆಯವರೇ ಇದ್ದಾರೆ.

ಗಿರಿನಗರದ ಮಗಳು
ತೋರಿಸಿದೆ! ಅಪ್ಪ ಫೋಟೋ ದೊಡ್ಡದು ಮಾಡಿ ನೋಡಿದರು. "ಬೆಣೆ ಹೊಡೆದು ಹಗ್ಗ ಕಟ್ಟಿರಬೇಕು. ತೂತಿನ ಅಂಚು ಎಷ್ಟು ಸವೆದಿದೆ ನೋಡಿದರೆ ಗೊತ್ತಾಗುತ್ತೆ, ಫೋಟೋದಲ್ಲಿ ಕಾಣಲ್ಲ" ಅಂದರು. ಆಮೇಲೆ ಅಮ್ಮನ ಕಡೆ ತಿರುಗಿ, "ನೀನು ಗೋಡೆ ನೋಡು, ನಾನು ತೂತು ನೋಡ್ತೀನಿ, ಟವರ್ ಎಲ್ಲಿಗೂ ಓಡಿಹೋಗಲ್ಲ" ಅಂದರು. ಜನವರಿಗೆ ಅಂಕೋರ್ ಅಂತ ಹೆಚ್ಚುಕಡಿಮೆ ಗಟ್ಟಿಯಾಯಿತು. ಗಡಿಯ ಸುದ್ದಿ ನೋಡಿಕೊಂಡೇ ಟಿಕೆಟ್ ತೆಗೆಯುತ್ತೇವೆ.

ಮಲ್ಲೇಶ್ವರದ ಸೊಸೆ
ಓದಿ ಕಣ್ಣು ತುಂಬಿತು. ಹೋಗಿ ಬನ್ನಿ.

ನಾಲ್ಕನೇ ಬ್ಲಾಕ್
ಸಂತೋಷ. ಪ್ಯಾರಿಸ್‌ಗೂ ಈಗಿಂದಲೇ ಉಳಿಸೋಕೆ ಶುರು ಮಾಡಿ. ಫ್ರಾನ್ಸ್ ಸೇರಿ ಯುರೋಪಿನ ಹಲವು ದೇಶಗಳಿಗೆ ನಡೆಯುವ ಷೆಂಗೆನ್ ವೀಸಾಗೆ ಆರು ತಿಂಗಳ ಮುಂಚೆಯೇ ಅರ್ಜಿ ಹಾಕಬಹುದು. ದೊಡ್ಡವರಿಗೆ 90 ಯುರೋ ಶುಲ್ಕ, ಜೊತೆಗೆ ಕನಿಷ್ಠ 30,000 ಯುರೋ ವಿಮೆ ಬೇಕು. ಬೇಸಿಗೆ ರಜೆಗೆ ಬೆಂಗಳೂರಿನಲ್ಲಿ ಅಪಾಯಿಂಟ್‌ಮೆಂಟ್ ಸಿಗೋದು ಕಷ್ಟ.

ಚಾರಣದ ಹುಚ್ಚು
ಅಂಕೋರ್ ಟಿಕೆಟ್ ಎಷ್ಟು ದಿನದ್ದು ತೆಗೆಯಬೇಕು? ನಾನೂ ನಮ್ಮ ಅಜ್ಜಿಯನ್ನು ಕರೆದುಕೊಂಡು ಹೋಗೋಣ ಅಂತಿದ್ದೇನೆ.

ಹಾಸನದ ಹುಡುಗ
ಒಂದು ದಿನಕ್ಕೆ 37 ಡಾಲರ್, ಮೂರು ದಿನಕ್ಕೆ 62. ಹಿರಿಯರ ಜೊತೆ ಹೋಗುವವರು ಮೂರು ದಿನದ್ದೇ ತೆಗೆಯಿರಿ. ಒಂದೇ ಸಮನೆ ಮೂರು ದಿನ ಹೋಗಬೇಕಿಲ್ಲ, ಹತ್ತು ದಿನದೊಳಗೆ ಯಾವ ಮೂರು ದಿನ ಆದರೂ ಸರಿ. ಒಂದು ದಿನ ನೋಡಿ, ಒಂದು ದಿನ ಕಾಲಿಗೆ ವಿಶ್ರಾಂತಿ ಕೊಡಬಹುದು. ಟಿಕೆಟ್ ಮೇಲೆ ಅಲ್ಲೇ ಫೋಟೋ ತೆಗೆದು ಹಾಕುತ್ತಾರೆ. ಹಿಂದಿನ ದಿನ ಸಂಜೆ 5ರ ನಂತರ ತೆಗೆದುಕೊಂಡರೆ ಆ ಸಂಜೆ ಒಳಗೆ ಹೋಗೋಕೆ ಬಿಡುತ್ತಾರೆ, ಅದು ದಿನದ ಲೆಕ್ಕಕ್ಕೆ ಸೇರಲ್ಲ. ಭುಜ, ಮಂಡಿ ಮುಚ್ಚುವ ಬಟ್ಟೆ ಹಾಕಿಕೊಂಡು ಹೋಗಿ. ಅಜ್ಜಿ ಸೀರೆ ಉಟ್ಟರೆ ಅದರ ಯೋಚನೆಯೇ ಇಲ್ಲ.